ಪಾಲಿಹೌಸ್ ಟೊಮೆಟೊ: ಮಣ್ಣು ಸೋತಿದೆ, ಜೀವಾಣು ಗೊಬ್ಬರ ಹಾಕಿದರೆ ಏಳುತ್ತದೆಯೇ?

ಹುಕ್ಕೇರಿ ಪಾಲಿಹೌಸ್

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಹುಕ್ಕೇರಿ ಕಡೆ 20 ಗುಂಟೆ ಪಾಲಿಹೌಸ್. ಕೆಳಗೆ ಎರೆ ಭೂಮಿ. ಅದರ ಮೇಲೆ ಕೆಂಪು ಮಣ್ಣು ತಂದು ಬೆಡ್ ಹಾಕಿದ್ದೇವೆ. ಶುರುವಿನಿಂದ ಟೊಮೆಟೊ ಒಂದೇ ಬೆಳೆ. ಮೊದಲೆರಡು ಸಲ ಭರ್ಜರಿ ಬಂತು. ಆಮೇಲೆ ಬೆಳೆಯಿಂದ ಬೆಳೆಗೆ ಇಳಿಯುತ್ತಿದೆ. 25 ಟನ್ ಬರಬೇಕಾದ ಕಡೆ ಈ ಸಲ ಅದರ ಅರ್ಧ ಬಂದರೆ ಹೆಚ್ಚು.

ಲಕ್ಷಣ ಹೇಳುತ್ತೇನೆ. ಮಧ್ಯಾಹ್ನ ಗಿಡ ಬಾಡುತ್ತದೆ, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತದೆ. ಕೆಲವು ಏಳುವುದೇ ಇಲ್ಲ. ಕುಡಿ ಎಲೆ ಹಳದಿ, ನರ ಮಾತ್ರ ಹಸಿರು. ಬೆಡ್ಡಿನ ಅಂಚಿನಲ್ಲಿ ಬಿಳಿ ಪುಡಿ ಕೂತಿದೆ. ಗಿಡ ಕಿತ್ತರೆ ಬೇರಿನಲ್ಲಿ ಗಂಟು.

ಮಣ್ಣು ಪರೀಕ್ಷೆ ವರದಿ: ಪಿಎಚ್ (ಹುಳಿ-ಕ್ಷಾರದ ಅಳತೆ) 8.3, ಇಸಿ (ಉಪ್ಪಿನ ಅಳತೆ) 1.9, ಸಾವಯವ ಇಂಗಾಲ 0.42. ರಂಜಕ, ಪೊಟ್ಯಾಷ್ ಎರಡೂ ತುಂಬಾ ಜಾಸ್ತಿ. ಬೋರ್ ನೀರಿನ ಇಸಿ 1.3.

ಅಂಗಡಿಯವರು ಜೀವಾಣು ಗೊಬ್ಬರದ ಕಿಟ್ ಒಂದನ್ನು ತೋರಿಸಿದ್ದಾರೆ. ಐದು ಬಾಟಲಿ. ಡ್ರಿಪ್‌ನಲ್ಲಿ ಬಿಟ್ಟರೆ ಸಾಕು, ಮಣ್ಣು ಹೊಸದಾಗುತ್ತದೆ ಅಂತಾರೆ. ದುಡ್ಡು ಹಾಕುವ ಮುಂಚೆ ಇಲ್ಲಿ ಕೇಳೋಣ ಅನಿಸಿತು. ಯಾವುದು ಹಾಕಬೇಕು, ಯಾವಾಗ, ಎಷ್ಟು?

ಬೈಲಹೊಂಗಲ ಸಾವಯವ

ಬಾಟಲಿ ಯಾಕೆ ಅಣ್ಣಾ? ಮನೆಯಲ್ಲಿ ಆಕಳು ಇಲ್ವಾ? ಜೀವಾಮೃತ ಮಾಡಿ. 200 ಲೀಟರ್ ನೀರು, 10 ಕೆಜಿ ಸಗಣಿ, 5 ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ ಇಟ್ಟು ದಿನಾ ಕಲಕಿ. ಎಕರೆಗೆ ಒಂದು ಡ್ರಮ್. ಖರ್ಚು ಬೆಲ್ಲದ್ದು ಮಾತ್ರ.

ಬಾಗಲಕೋಟೆ ಮಣ್ಣು

ಹುಕ್ಕೇರಿ ಅಣ್ಣಾ, ವರದಿ ಹಾಕಿದ್ದು ಒಳ್ಳೆಯದಾಯಿತು. ಜೀವಾಣುವಿನ ಮಾತು ಆಮೇಲೆ ಆಡೋಣ. ಮೊದಲು ಒಂದು ಪ್ರಶ್ನೆ. ಆ ಇಸಿ 1.9 ಯಾವ ವಿಧಾನದಲ್ಲಿ ಅಳೆದದ್ದು? ನಮ್ಮ ಕಡೆ ಹೆಚ್ಚಿನ ಲ್ಯಾಬ್‌ಗಳು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತವೆ. ಹಾಗಿದ್ದರೆ ಬೇರಿನ ಸುತ್ತ ಇರುವ ನಿಜವಾದ ಉಪ್ಪು ಇದಕ್ಕಿಂತ ಎರಡು ಮೂರು ಪಟ್ಟು ಜಾಸ್ತಿ. ಮಣ್ಣನ್ನು ನೀರಿನಲ್ಲಿ ಪೇಸ್ಟ್ ಮಾಡಿ, ಅದರಿಂದ ತೆಗೆದ ನೀರಿನಲ್ಲಿ ಅಳೆದಾಗ ಟೊಮೆಟೊ ತಡೆಯುವುದು 2.5 ರವರೆಗೆ. ಅದರ ಮೇಲೆ ಒಂದೊಂದು ಅಂಕಿ ಏರಿದಂತೆ ಸುಮಾರು ಶೇ 10 ಇಳುವರಿ ಹೋಗುತ್ತದೆ. ನಿಮ್ಮ ಮಣ್ಣು ಈ ಲೆಕ್ಕದಲ್ಲಿ 4 ದಾಟಿರಬಹುದು. ಬಿಳಿ ಪುಡಿಯೂ ಅದನ್ನೇ ಹೇಳುತ್ತಿದೆ.

ಬಯಲಿನಲ್ಲಿ ಮಳೆ ಬರುತ್ತದೆ, ಉಪ್ಪು ಕೆಳಗೆ ಇಳಿಯುತ್ತದೆ. ಪಾಲಿಹೌಸ್ ಒಳಗೆ ಮಳೆ ಇಲ್ಲ. ಬೋರ್ ನೀರಿನ ಉಪ್ಪು, ನೀರಲ್ಲಿ ಕರಗುವ ರಸಗೊಬ್ಬರಗಳಾದ 19:19:19, 13:0:45, ಎಲ್ಲದರ ಉಳಿಕೆ ಅಲ್ಲೇ ಕೂರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಬರುತ್ತದೆ. ಅದರ ಜೊತೆ ಇಂಗಾಲ 0.42. ಶೇ 0.5ಕ್ಕಿಂತ ಕಡಿಮೆ ಅಂದರೆ ಕಡಿಮೆ ದರ್ಜೆ. ಇಂಥ ಮಣ್ಣಿಗೆ ಬಾಟಲಿ ಸುರಿಯುವುದು ಒಲೆ ಹಚ್ಚದ ಮನೆಗೆ ಬೀಗರನ್ನು ಊಟಕ್ಕೆ ಕರೆದ ಹಾಗೆ. ಬರುತ್ತಾರೆ, ಉಳಿಯುವುದಿಲ್ಲ.

ಜೀವಾಣು ಬೇಡ ಅನ್ನುತ್ತಿಲ್ಲ. ಅದರ ಸರದಿ ಮೊದಲಿನದಲ್ಲ, ಅಷ್ಟೇ.

ಅಥಣಿ ನರ್ಸರಿ

ಬೇರಿನ ಗಂಟು ನೆಮಟೋಡ್, ಅಂದರೆ ಕಣ್ಣಿಗೆ ಕಾಣದ ಜಂತುಹುಳು, ಸಂಶಯವೇ ಇಲ್ಲ. ಆದರೆ ಏಳದೇ ಸಾಯುವ ಗಿಡಗಳು ಬೇರೆ ಕಥೆ ಇರಬಹುದು. ಒಂದು ಕೆಲಸ ಮಾಡಿ ಅಣ್ಣಾ. ಈಗಷ್ಟೇ ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ. ಗಾಜಿನ ಲೋಟದಲ್ಲಿ ಶುದ್ಧ ನೀರು ತುಂಬಿ, ಕಾಂಡದ ತುದಿಯನ್ನು ನೀರಿಗೆ ತಾಗಿಸಿ ಅಲುಗಾಡದ ಹಾಗೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನ ಬಣ್ಣದ ಎಳೆ ಕೆಳಗೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಇಳಿಯದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ ಎಂಬ ಶಿಲೀಂಧ್ರ. ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಬಾಟಲಿ ಕೊಳ್ಳಬೇಡಿ.

ತಿಕೋಟಾ ದ್ರಾಕ್ಷಿ

ಕಿಟ್‌ನಲ್ಲಿ ಏನೇನಿದೆ ಅಂತ ಬರೀರಿ. ಹೆಸರು ಗೊತ್ತಾದರೆ ಅರ್ಧ ಉತ್ತರ ಸಿಗುತ್ತದೆ.

ಹುಕ್ಕೇರಿ ಪಾಲಿಹೌಸ್

ಲ್ಯಾಬ್‌ಗೆ ಫೋನ್ ಮಾಡಿದೆ. ಒಂದಕ್ಕೆ ಎರಡೂವರೆ ಲೆಕ್ಕವೇ ಸರ್.

ಅಕ್ಕಾರೇ, ಲೋಟದ ಪರೀಕ್ಷೆ ಬೇರೆ ಬೇರೆ ಬೆಡ್ಡಿನ ಗಿಡಗಳಲ್ಲಿ ಮಾಡಿದೆ. ಬಿಳಿ ಎಳೆ ಎಲ್ಲೂ ಬರಲಿಲ್ಲ. ಸೀಳಿದಾಗ ಕಂದು ಗೆರೆ ಇದೆ. ಗಂಟು ಎಲ್ಲದರಲ್ಲೂ ಇದೆ.

ಕಿಟ್‌ನಲ್ಲಿ ಇರುವುದು: ಸಾರಜನಕ ಹಿಡಿಯುವ ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಪೊಟ್ಯಾಷ್ ಒದಗಿಸುವ ಬ್ಯಾಕ್ಟೀರಿಯಾ, ರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾ, ದ್ರವ ರೂಪದ ವ್ಯಾಮ್.

ಅಥಣಿ ನರ್ಸರಿ

ಹಾಗಾದರೆ ನೆಮಟೋಡ್ ಮತ್ತು ಫ್ಯುಸೇರಿಯಂ ಎರಡೂ ಸೇರಿವೆ. ಇವು ಜೋಡಿ. ನೆಮಟೋಡ್ ಬೇರಿಗೆ ಗಾಯ ಮಾಡುತ್ತದೆ, ಶಿಲೀಂಧ್ರ ಅಲ್ಲಿಂದ ಒಳಗೆ ಹೋಗುತ್ತದೆ. ಬ್ಯಾಕ್ಟೀರಿಯಾ ಇಲ್ಲದ್ದು ನಿಮ್ಮ ಪುಣ್ಯ.

ಈಗ ಆ ಪಟ್ಟಿ ನೋಡಿ. ನೆಮಟೋಡ್ ಮೊಟ್ಟೆ ತಿನ್ನುವ ಜೀವಾಣು ಅದರಲ್ಲಿ ಒಂದೂ ಇಲ್ಲ! ಅದಕ್ಕೆ ಬೇಕಾದದ್ದು ಪೆಸಿಲೋಮೈಸಿಸ್ ಲಿಲಾಸಿನಸ್. ಈಗ ಅದರ ಹೆಸರು ಪರ್ಪ್ಯೂರಿಯೋಸಿಲಿಯಂ ಅಂತ ಬದಲಾಗಿದೆ, ಲೇಬಲ್ ಮೇಲೆ ಎರಡರಲ್ಲಿ ಯಾವುದಾದರೂ ಇರಬಹುದು. ಪೊಕೋನಿಯಾ ಕೂಡ ಇದೇ ಕೆಲಸ ಮಾಡುತ್ತದೆ. ಇವು ಮೊಟ್ಟೆಯ ಮೇಲೆ ಬೆಳೆಯುತ್ತವೆ. ಬೇರಿನ ಒಳಗೆ ಹೊಕ್ಕ ಮರಿಯನ್ನು ಏನೂ ಮಾಡಲಾರವು. ಅದಕ್ಕೇ ನಾಟಿಗೆ ಮುಂಚೆ ಮಣ್ಣಲ್ಲಿ ಇರಬೇಕು. ಗಿಡ ಬಾಡಿದ ಮೇಲೆ ಬಿಟ್ಟರೆ ದುಡ್ಡು ನೀರಿಗೆ ಹೋದ ಲೆಕ್ಕ. ಬೆಚ್ಚಗಿನ ಮಣ್ಣಲ್ಲಿ ಒಂದು ತಿಂಗಳೊಳಗೆ ನೆಮಟೋಡ್‌ನ ಒಂದು ತಲೆಮಾರು ಮುಗಿಯುತ್ತದೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ.

ವ್ಯಾಮ್ ಬಗ್ಗೆ ಇನ್ನೊಂದು ಮಾತು. ಅದು ಜೀವಂತ ಬೇರಿನ ಜೊತೆ ಮಾತ್ರ ಬೆಳೆಯುವ ಶಿಲೀಂಧ್ರ. ದೊಡ್ಡ ಗಿಡದ ಡ್ರಿಪ್‌ನಲ್ಲಿ ಬಿಡುವುದಕ್ಕಿಂತ ಸಸಿಯ ಬೇರಿಗೆ ತಾಗಿಸುವುದು ಲೇಸು. ಸಸಿ ಬೆಳೆಸುವ ಪ್ರೋಟ್ರೇ ತುಂಬುವಾಗಲೇ ಕೋಕೋಪೀಟ್‌ಗೆ ಬೆರೆಸಬೇಕು. ನಾವು ಕೇಳಿದವರಿಗೆ ಹಾಗೇ ಮಾಡಿಕೊಡುತ್ತೇವೆ.

ಬಾಗಲಕೋಟೆ ಮಣ್ಣು

ಅಕ್ಕಾವರು ಹೇಳಿದ್ದಕ್ಕೆ ಇಷ್ಟು ಸೇರಿಸುತ್ತೇನೆ. ಮಣ್ಣಲ್ಲಿ ರಂಜಕ ತುಂಬಿದ್ದರೆ ಗಿಡ ವ್ಯಾಮ್ ಅನ್ನು ಹತ್ತಿರ ಸೇರಿಸುವುದೇ ಇಲ್ಲ. ನಿಮ್ಮ ವರದಿಯಲ್ಲಿ ರಂಜಕ ತುಂಬಾ ಜಾಸ್ತಿ. ಅಂದರೆ ಆ ಬಾಟಲಿ ನಿಮಗೆ ಈ ವರ್ಷ ಬೇಡ. ಪೊಟ್ಯಾಷ್ ಬ್ಯಾಕ್ಟೀರಿಯಾವೂ ಬೇಡ, ಪೊಟ್ಯಾಷ್ ಈಗಾಗಲೇ ಹೆಚ್ಚಿದೆ. ರಂಜಕ ಕರಗಿಸುವುದು ಉಪಯೋಗಕ್ಕೆ ಬರುತ್ತದೆ. ಪಿಎಚ್ 8.3 ಇರುವಲ್ಲಿ ರಂಜಕ ಸುಣ್ಣದ ಜೊತೆ ಕಟ್ಟಿಕೊಂಡು ಕೂತಿರುತ್ತದೆ, ಅದನ್ನು ಬಿಡಿಸಲು ಈ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತದೆ. ಆದರೆ ಅದನ್ನು ಹಾಕಿ, ಮೇಲೆ ಡಿಎಪಿಯನ್ನೂ 12:61:0 ಅನ್ನೂ ಹಾಕುತ್ತಾ ಹೋದರೆ ಏನು ಅರ್ಥ? ಮುಂದಿನ ಬೆಳೆಗೆ ಬುಡಕ್ಕೆ ರಂಜಕದ ಗೊಬ್ಬರ ನಿಲ್ಲಿಸಿ.

ಸಾರಜನಕದ ಲೆಕ್ಕವನ್ನೂ ಬಿಚ್ಚಿ ಹೇಳುತ್ತೇನೆ. ಜೀವಾಣು ಹಾಕಿದರೆ ಯೂರಿಯಾನೇ ಬೇಡ ಅಂತ ಹೇಳುವವರು ಇದ್ದಾರೆ. ಒಂದು ಟನ್ ಟೊಮೆಟೊ ಸುಮಾರು ಎರಡೂವರೆ ಕೆಜಿ ಸಾರಜನಕ ಎಳೆಯುತ್ತದೆ. 25 ಟನ್‌ಗೆ 60 ಕೆಜಿ ದಾಟುತ್ತದೆ. ಅಜೋಸ್ಪಿರಿಲಂ, ಅಜಟೋಬ್ಯಾಕ್ಟರ್ ಹೆಕ್ಟೇರಿಗೆ 20 ಕೆಜಿ ಆಸುಪಾಸು ಕೊಡುತ್ತವೆ ಅಂತ ಲೆಕ್ಕ ಹಿಡಿಯುತ್ತಾರೆ. ನಿಮ್ಮ 20 ಗುಂಟೆಗೆ ಅದು 4 ಕೆಜಿ. ಅದೂ ಮಣ್ಣಲ್ಲಿ ನೈಟ್ರೇಟ್ ತುಂಬಿದ್ದರೆ ಅವು ಗಾಳಿಯಿಂದ ಹಿಡಿಯುವ ಕೆಲಸ ನಿಲ್ಲಿಸುತ್ತವೆ. ಸಿದ್ಧ ಊಟ ಸಿಕ್ಕಾಗ ಯಾರು ದುಡಿಯುತ್ತಾರೆ? ಅವುಗಳ ನಿಜವಾದ ಲಾಭ ಬೇರೆ. ಬೇರು ಬೆಳೆಸುವ ಹಾರ್ಮೋನ್ ಬಿಡುತ್ತವೆ, ಎಳೆ ಬೇರು ಜಾಸ್ತಿ ಬರುತ್ತದೆ. ನೆಮಟೋಡ್ ತಿಂದ ಬೇರಿಗೆ ಅದು ಸಣ್ಣ ಮಾತಲ್ಲ.

ಬೈಲಹೊಂಗಲ ಸಾವಯವ

ಸರ್, ನನ್ನ ಜೀವಾಮೃತದ ಬಗ್ಗೆ ಯಾರೂ ಮಾತೇ ಆಡಲಿಲ್ಲ! ನಮ್ಮ ಹೊಲದಲ್ಲಿ ಎರೆಹುಳು ವಾಪಸ್ ಬಂದಿದ್ದು ಅದರಿಂದಲೇ.

ಬಾಗಲಕೋಟೆ ಮಣ್ಣು

ಬಂದಿರಬಹುದು ಅಣ್ಣಾ. ನಿಮ್ಮ ಹೊಲದಲ್ಲಿ ಹೊದಿಕೆ ಇದೆ, ಮಳೆ ಬೀಳುತ್ತದೆ, ಬೆಳೆ ಬದಲಾಗುತ್ತದೆ. ಇವರ ಬೆಡ್ಡಿನಲ್ಲಿ ಅದ್ಯಾವುದೂ ಇಲ್ಲ. 2 ಕೆಜಿ ಬೆಲ್ಲದ ಬಲ ಮಣ್ಣಲ್ಲಿ ಕೆಲವೇ ದಿನ. ಜೀವಾಣು ಸಂಖ್ಯೆ ಒಮ್ಮೆ ಏರುತ್ತದೆ, ತಿನ್ನಲು ಇಲ್ಲದಾಗ ಇಳಿಯುತ್ತದೆ. ನೆಮಟೋಡ್ ಮೊಟ್ಟೆಗೆ ಬೇಕಾದ ನಿರ್ದಿಷ್ಟ ಶಿಲೀಂಧ್ರ ನಿಮ್ಮ ಡ್ರಮ್‌ನಲ್ಲಿ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಬಿಡಬೇಡಿ ಅನ್ನಲ್ಲ. ಅದರ ಮೇಲೇ ಭಾರ ಹಾಕಬೇಡಿ ಅಂತೀನಿ.

ಬೈಲಹೊಂಗಲ ಸಾವಯವ

ಬಾಟಲಿಯಲ್ಲಿ ಇದೆಯೋ ಇಲ್ಲವೋ ಅದನ್ನೂ ಹೇಳಲು ಆಗುವುದಿಲ್ಲ ಅಲ್ವಾ ಸರ್? ಒಂದು ಬಾಟಲಿ ತೆರೆದು ಮೂಸಿದರೆ ಬರೀ ನೀರು.

ಬಾಗಲಕೋಟೆ ಮಣ್ಣು

ಆ ಮಾತು ಒಪ್ಪುತ್ತೇನೆ. ಅದಕ್ಕೇ ಲೇಬಲ್ ಓದಬೇಕು. ಜೈವಿಕ ಗೊಬ್ಬರಗಳನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದಿದ್ದಾರೆ. ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇಂಥವು ಪುಡಿಯಾದರೆ ಗ್ರಾಮಿಗೆ 5 ಕೋಟಿ, ದ್ರವವಾದರೆ ಮಿಲಿಗೆ 10 ಕೋಟಿ ಜೀವಕೋಶ ಇರಬೇಕು. ಟ್ರೈಕೋಡರ್ಮಾ, ಸೂಡೋಮೊನಾಸ್ ಬ್ಯಾಕ್ಟೀರಿಯಾ, ಪೆಸಿಲೋಮೈಸಿಸ್ ರೋಗಕ್ಕೆ ಅಂತ ಮಾರುವಾಗ ಕೀಟನಾಶಕ ಕಾಯ್ದೆಯ ನೋಂದಣಿ ಬೇಕು. ಟ್ರೈಕೋಡರ್ಮಾ ಶೇ 1 ಪುಡಿಯಲ್ಲಿ ಗ್ರಾಮಿಗೆ 20 ಲಕ್ಷ. ಜೀವಾಣುವಿನ ಹೆಸರು, ಸಂಖ್ಯೆ, ತಯಾರಾದ ದಿನ, ಮುಗಿಯುವ ದಿನ, ಬ್ಯಾಚ್ ನಂಬರ್. ಇವುಗಳಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಕೊಡಿ. "ಸೂಕ್ಷ್ಮಾಣು ಸಂಜೀವಿನಿ" ಅಂತ ದೊಡ್ಡದಾಗಿ ಬರೆದು ಒಳಗೆ ಏನಿದೆ ಅಂತ ಹೇಳದ ಡಬ್ಬಿಗಳಿಗೆ ಲೆಕ್ಕವಿಲ್ಲ.

ಇಂಡಿ ಲಿಂಬೆ

ನಮ್ಮ ಕಡೆ ಮೇ ತಿಂಗಳಲ್ಲಿ ಅಂಗಡಿಯ ತಗಡಿನ ಕೆಳಗೆ ಬಾಟಲಿ ಇಟ್ಟಿರುತ್ತಾರೆ. ಹೊರಗೇ 42 ಡಿಗ್ರಿ. ಒಳಗೆ ಏನು ಬದುಕಿರುತ್ತದೆ?

ಅಥಣಿ ನರ್ಸರಿ

ಬ್ಯಾಸಿಲಸ್ ಜಾತಿ ಬದುಕುತ್ತದೆ. ಅದು ಗಟ್ಟಿ ಕವಚದ ಒಳಗೆ ಮಲಗಿಬಿಡುತ್ತದೆ, ಶಾಖ ತಡೆಯುತ್ತದೆ. ಸೂಡೋಮೊನಾಸ್, ಅಜೋಸ್ಪಿರಿಲಂಗೆ ಆ ಶಕ್ತಿ ಇಲ್ಲ. ಬೇಸಿಗೆಯಲ್ಲಿ ಕೊಳ್ಳುವುದಾದರೆ ತಯಾರಿಸುವ ಕಡೆಯಿಂದಲೇ ತನ್ನಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಅರಭಾವಿಯ ತೋಟಗಾರಿಕೆ ಕಾಲೇಜು. ಯಾವುದು ಹತ್ತಿರವೋ ಅಲ್ಲಿ ವಿಚಾರಿಸಿ. ಸ್ಟಾಕ್ ಎಲ್ಲಾ ಕಾಲಕ್ಕೂ ಇರುವುದಿಲ್ಲ, ಫೋನ್ ಮಾಡಿ ಹೋಗಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಕೂಡ ಇದೆ. ಸಾರಜನಕ ಹಿಡಿಯುವುದು, ರಂಜಕ ಮತ್ತು ಸತು ಕರಗಿಸುವುದು, ಬೇರು ಬೆಳೆಸುವುದು, ಎಲ್ಲ ಒಂದೇ ಪಾಕೆಟ್‌ನಲ್ಲಿ. ಎಕರೆಗೆ 5 ಕೆಜಿ. ತಂದ ಮೇಲೆ ಕಾರಿನ ಡಿಕ್ಕಿಯಲ್ಲಿ ಮರೆಯಬೇಡಿ.

ರಾಯಬಾಗ ಡ್ರಿಪ್

ನಾನು ಡ್ರಿಪ್ ಕೆಲಸದವನು. ಜೀವಾಣುವಿನ ಬಗ್ಗೆ ಹೆಚ್ಚು ಗೊತ್ತಿಲ್ಲ. ಆದರೆ ಪುಡಿ ಗೊಬ್ಬರವನ್ನು ಡ್ರಿಪ್ ಪೈಪಿಗೆ ಗೊಬ್ಬರ ಎಳೆಯುವ ವೆಂಚುರಿಯಲ್ಲಿ ಬಿಟ್ಟು ಡ್ರಿಪ್ಪರ್ ಎಲ್ಲಾ ಕಟ್ಟಿಸಿಕೊಂಡು ನನ್ನನ್ನು ಕರೆಯುವವರು ಬಹಳ. ಪುಡಿಯನ್ನು ಮಣ್ಣಿಗೇ ಹಾಕಿ. ಜೀವಾಮೃತ ಬಿಡುವವರು ಎರಡು ಸಲ ಬಟ್ಟೆಯಲ್ಲಿ ಸೋಸಿ. ಬಿಟ್ಟಾದ ಮೇಲೆ ಸಾದಾ ನೀರು ಓಡಿಸಿ.

ಮತ್ತೊಂದು. ಪೈಪ್ ತೊಳೆಯಲು ಆಸಿಡ್ ಅಥವಾ ಕ್ಲೋರಿನ್ ಬಿಟ್ಟ ದಿನವೇ ಜೀವಾಣು ಬಿಡಬೇಡಿ ರೀ. ಬಿಡುವವರನ್ನು ನೋಡಿದ್ದೇನೆ.

ತಿಕೋಟಾ ದ್ರಾಕ್ಷಿ

ಔಷಧಿಯ ಮಾತೂ ಹಾಗೇ. ಟ್ರೈಕೋಡರ್ಮಾ ಶಿಲೀಂಧ್ರ. ಕಾರ್ಬೆಂಡಜಿಮ್ ಶಿಲೀಂಧ್ರನಾಶಕ. ಇವತ್ತು ಅದನ್ನು ಹಾಕಿ ನಾಳೆ ಇದನ್ನು ಬುಡಕ್ಕೆ ಸುರಿದರೆ ಎರಡೂ ವ್ಯರ್ಥ. ತಾಮ್ರದ ಔಷಧಿ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ. ನಮ್ಮ ದ್ರಾಕ್ಷಿಯಲ್ಲಿ ಹತ್ತು ದಿನ ಅಂತರ ಬಿಡುತ್ತೇವೆ.

ಈಗ ಉಪ್ಪಿನ ಮಾತಿಗೆ ಬರೋಣ, ಅದನ್ನು ಯಾರೂ ಮುಗಿಸಲಿಲ್ಲ. ಇದನ್ನು ತೊಳೆಯುವುದು ಹೇಗೆ?

ಬಾಗಲಕೋಟೆ ಮಣ್ಣು

ತೊಳೆಯಲು ನೀರು ಬೇಕು, ತೊಳೆದ ನೀರು ಹೊರಗೆ ಹೋಗಲು ದಾರಿ ಬೇಕು. ಎರಡನೆಯದೇ ಕಷ್ಟ. ಇವರ ಬೆಡ್ಡಿನ ಕೆಳಗೆ ಎರೆ ಮಣ್ಣು. ಮೇಲೆ ಬಿಟ್ಟ ನೀರು ಅಲ್ಲಿ ನಿಲ್ಲುತ್ತದೆ, ಮತ್ತೆ ಉಪ್ಪಿನ ಜೊತೆ ಮೇಲೆ ಬರುತ್ತದೆ. ಬೆಡ್ಡುಗಳ ನಡುವಿನ ದಾರಿಯನ್ನು ಆಳ ಮಾಡಿ, ಇಳಿಜಾರು ಕೊಟ್ಟು, ಪಾಲಿಹೌಸ್ ಹೊರಗೆ ಬಸಿಗಾಲುವೆಗೆ ಸೇರಿಸಬೇಕು. ಕೃಷ್ಣಾ, ಘಟಪ್ರಭಾ ನೀರಾವರಿ ಭಾಗದಲ್ಲಿ ಕಬ್ಬಿನ ಎಷ್ಟೋ ಜಮೀನು ಸವಳಾಗಿದ್ದು ಈ ಬಸಿ ಇಲ್ಲದ ಕಾರಣಕ್ಕೇ. ಅಥಣಿ, ಜಮಖಂಡಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನೀರಿನ ಲೆಕ್ಕ: ಒಂದು ಅಡಿ ಮಣ್ಣಿನ ಉಪ್ಪಿನ ಬಹುಪಾಲು ಹೊರಹೋಗಲು ಸುಮಾರು ಒಂದು ಅಡಿ ನೀರು ಇಳಿಯಬೇಕು. ಚದರ ಮೀಟರಿಗೆ 300 ಲೀಟರ್. ನಿಮ್ಮ ಬೆಡ್ಡು 1000 ಚದರ ಮೀಟರ್ ಇದ್ದರೆ 3 ಲಕ್ಷ ಲೀಟರ್. ಇಸಿ 1.3 ಇರುವ ಬೋರ್ ನೀರಿನಿಂದ ಇದನ್ನು ಮಾಡಬಹುದು, ಆದರೆ ಆ ನೀರಿಗಿಂತ ಸಿಹಿಯಾಗಿ ಮಣ್ಣು ಆಗದು. ಮಳೆ ನೀರಿನ ಹಾಗೆ ಇದು ಕೆಲಸ ಮಾಡುವುದಿಲ್ಲ.

ತಿಕೋಟಾ ದ್ರಾಕ್ಷಿ

ಮಳೆ ನೀರು ತಲೆ ಮೇಲೇ ಬೀಳುತ್ತದಲ್ಲ. 20 ಗುಂಟೆ ಅಂದರೆ 2000 ಚದರ ಮೀಟರ್ ಛಾವಣಿ. 500 ಮಿಮೀ ಮಳೆ ಅಂತ ಇಟ್ಟುಕೊಂಡರೂ 10 ಲಕ್ಷ ಲೀಟರ್. ಎರಡು ಲಕ್ಷ ಸೋರಿದರೂ 8 ಲಕ್ಷ ಉಳಿಯುತ್ತದೆ. ಗಟರ್ ಹೇಗೂ ಇದೆ. ಅದನ್ನು ಕೃಷಿ ಹೊಂಡಕ್ಕೆ ಇಳಿಸಿ. ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೂ ಇಸಿ ಇಳಿಯುತ್ತದೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹೊಂಡ ಇಲ್ಲದೆ ದ್ರಾಕ್ಷಿ ಉಳಿಸುವುದೇ ಕಷ್ಟ. ಪಾಲಿಹೌಸ್‌ನವರು ಮಾತ್ರ ಲಕ್ಷಗಟ್ಟಲೆ ಲೀಟರ್ ಸಿಹಿ ನೀರನ್ನು ಹಳ್ಳಕ್ಕೆ ಬಿಡುತ್ತಾರೆ. ನನಗಂತೂ ಅರ್ಥ ಆಗಿಲ್ಲ.

ಇನ್ನೊಂದು ಕೇಳುತ್ತೇನೆ. ನಿಮ್ಮ ಪಾಲಿಶೀಟ್ ಹಾಕಿ ಎಷ್ಟು ವರ್ಷ ಆಯಿತು?

ಹುಕ್ಕೇರಿ ಪಾಲಿಹೌಸ್

ಮೂರು ವರ್ಷ ದಾಟಿದೆ ಅಣ್ಣಾ. ಮಸಕಾಗಿದೆ, ಕೆಲವು ಕಡೆ ಹರಿದಿದೆ. ಈ ವರ್ಷ ಬದಲಿಸಲೇಬೇಕು.

ತಿಕೋಟಾ ದ್ರಾಕ್ಷಿ

ಹಾಗಾದರೆ ಅರ್ಧ ಕೆಲಸ ಆಯಿತು! ಶೀಟನ್ನು ಜೂನ್ ಮೊದಲಿಗೆ ಬಿಚ್ಚಿ. ಹೊಸದನ್ನು ಆಗಸ್ಟ್ ತನಕ ಹಾಕಬೇಡಿ. ಎರಡೂವರೆ ತಿಂಗಳ ಮಳೆ ನೇರ ಬೆಡ್ಡಿಗೆ ಬೀಳಲಿ. ನೀರು ಹೊತ್ತು ಹಾಕುವ ಕೆಲಸ ಇಲ್ಲ, ಕರೆಂಟ್ ಇಲ್ಲ.

ಬಾಗಲಕೋಟೆ ಮಣ್ಣು

ಇದು ಬಹಳ ಒಳ್ಳೆಯ ಮಾತು. ಬಿಚ್ಚುವ ಮುಂಚೆ ಆ ಹಳೇ ಶೀಟಿನಿಂದ ಇನ್ನೊಂದು ಕೆಲಸ ತೆಗೆಯಿರಿ. ಏಪ್ರಿಲ್ ಕೊನೆಗೆ ಬೆಳೆ ಕಿತ್ತುಹಾಕಿ. ಬೇರು ಒಂದೂ ಉಳಿಯಬಾರದು, ಕಾಂಪೋಸ್ಟಿಗೂ ಹಾಕಬಾರದು, ಒಣಗಿಸಿ ಸುಡಿ. ಗಂಟಿನ ಬೇರು ಅಂದರೆ ಮೊಟ್ಟೆಯ ಚೀಲ. ಬೆಡ್ಡು ಅಗೆದು, ನೀರು ಬಿಟ್ಟು ಚೆನ್ನಾಗಿ ಹಸಿ ಮಾಡಿ, 25 ಮೈಕ್ರಾನ್ ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ. ಪಾಲಿಹೌಸ್ ಪಕ್ಕದ ಪರದೆಯನ್ನೂ ಇಳಿಸಿ. ಇಡೀ ಮೇ ತಿಂಗಳು ಹಾಗೇ ಬಿಡಿ. ಕಪ್ಪು ಹಾಳೆ ಹಾಕಬೇಡಿ, ಅದು ತಾನೇ ಬಿಸಿಯಾಗುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಒಣ ಮಣ್ಣಿಗೂ ಬೇಡ. ಹಸಿ ಇದ್ದರೇ ಶಾಖ ಕೆಳಗೆ ಇಳಿಯುವುದು.

ಇದರಿಂದ ಮೇಲಿನ ಅರ್ಧ ಅಡಿಯ ನೆಮಟೋಡ್, ಫ್ಯುಸೇರಿಯಂ ಬಹಳಷ್ಟು ಸಾಯುತ್ತವೆ. ಆಳದಲ್ಲಿ ಇರುವವು ಉಳಿಯುತ್ತವೆ, ಅವು ಮತ್ತೆ ಮೇಲೆ ಬರುತ್ತವೆ. ಒಳ್ಳೆಯ ಜೀವಾಣುಗಳೂ ಬಹಳ ಸಾಯುತ್ತವೆ. ನಿಮ್ಮ ಜೀವಾಣು ಗೊಬ್ಬರಕ್ಕೆ ಈಗ ಬಂತು ನೋಡಿ ಸರದಿ. ಜಾಗ ಖಾಲಿ ಇರುವಾಗ ಮೊದಲು ಹೊಕ್ಕವರದೇ ರಾಜ್ಯ. ನೀವು ಬಿಡದಿದ್ದರೆ ಕೆಳಗಿನಿಂದ ಫ್ಯುಸೇರಿಯಂ ಬಂದು ಕೂರುತ್ತದೆ.

ಮುಧೋಳ ಕಬ್ಬು

ಇಂಗಾಲ ಏರಿಸಲು ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಕಬ್ಬಿನ ರಸದ ಮಡ್ಡಿ, ಅಂದರೆ ಪ್ರೆಸ್‌ಮಡ್ ಬೇಕಾದಷ್ಟು ಇದೆ. ಕಬ್ಬಿನ ರವದಿಯೂ (ಒಣ ಗರಿ) ಇದೆ. ಜನ ರವದಿಗೆ ಬೆಂಕಿ ಹಚ್ಚುತ್ತಾರೆ, ಪಾಲಿಹೌಸ್‌ನವರು ಗೊಬ್ಬರ ಸಿಗಲ್ಲ ಅಂತಾರೆ. ಟ್ರ್ಯಾಕ್ಟರ್ ತನ್ನಿ, ತಗೊಂಡು ಹೋಗಿ.

ಬಾಗಲಕೋಟೆ ಮಣ್ಣು

ಪ್ರೆಸ್‌ಮಡ್ ಒಳ್ಳೆಯದು, ಎರಡು ಷರತ್ತು. ಹಸಿಯದು ಬೇಡ, ಅದು ಕಾಯುತ್ತದೆ, ಬೇರು ಸುಡುತ್ತದೆ. ರಾಶಿ ಹಾಕಿ, ತಿರುವಿ, ಪೂರ್ತಿ ಕಳಿತ ಮೇಲೆ ತನ್ನಿ. ಎರಡನೆಯದು, ಡಿಸ್ಟಿಲರಿಯ ತ್ಯಾಜ್ಯ ನೀರಾದ ಸ್ಪೆಂಟ್‌ವಾಶ್ ಸುರಿದು ಕಳಿಸಿದ್ದಾದರೆ ಅದರಲ್ಲಿ ಪೊಟ್ಯಾಷಿನ ಉಪ್ಪು ಜಾಸ್ತಿ. ಬಯಲಿನ ಕಬ್ಬಿಗೆ ಸರಿ. ಉಪ್ಪು ಇಳಿಸಲು ಹೊರಟ ಪಾಲಿಹೌಸ್‌ಗೆ ಬೇಡ. ಕೋಳಿ ಗೊಬ್ಬರಕ್ಕೂ ಇದೇ ಮಾತು. ಯಾವುದೇ ತರುವ ಮುಂಚೆ ಒಂದು ಮುಷ್ಟಿ ಇಸಿ ಮೀಟರ್‌ನಲ್ಲಿ ನೋಡಿ.

ಮುಧೋಳ ಕಬ್ಬು

ಅದು ಗೊತ್ತಿರಲಿಲ್ಲ ರೀ. ಫ್ಯಾಕ್ಟರಿಯಲ್ಲಿ ಕೇಳಿ ಹೇಳುತ್ತೇನೆ, ಯಾವುದು ಯಾವ ರಾಶಿ ಅಂತ.

ಅಥಣಿ ನರ್ಸರಿ

ಜೀವಾಣುವನ್ನು ನೇರ ಮಣ್ಣಿಗೆ ಎರಚುವುದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಹಾಕುವುದು ಎಷ್ಟೋ ಮೇಲು. ವಿಧಾನ ಇದು. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಅದಕ್ಕೆ ಟ್ರೈಕೋಡರ್ಮಾ, ಸೂಡೋಮೊನಾಸ್, ಪೆಸಿಲೋಮೈಸಿಸ್ ತಲಾ 2 ಕೆಜಿ. ಬೇವಿನ ಹಿಂಡಿ ಕ್ವಿಂಟಾಲ್ ಸೇರಿಸಿದರೆ ಇನ್ನೂ ಚೆಂದ. ನೆರಳಲ್ಲಿ ರಾಶಿ ಮಾಡಿ, ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಗೋಣಿ ಚೀಲ ಮುಚ್ಚಿ. ವಾರಕ್ಕೊಮ್ಮೆ ತಿರುವಿ. ಹದಿನೈದು ದಿನಕ್ಕೆ ಟ್ರೈಕೋಡರ್ಮಾ ಹಸಿರು ಬೂಷ್ಟಾಗಿ ಕಾಣುತ್ತದೆ. ಆಮೇಲೆ ಬೆಡ್ಡಿಗೆ ಬೆರೆಸಿ, ಹಸಿ ಆರಲು ಬಿಡಬೇಡಿ.

ಹಸಿ ಸಗಣಿಯಲ್ಲಿ ಇದನ್ನು ಮಾಡಬೇಡಿ. ಒಳಗಿನ ಬಿಸಿಗೆ ಎಲ್ಲಾ ಸಾಯುತ್ತವೆ.

ಬೆಲ್ಲದ ನೀರಿನಲ್ಲಿ ಡ್ರಮ್‌ನಲ್ಲಿ ಬೆಳೆಸುವ ವಿಡಿಯೋ ಕಳಿಸಿ ಕೇಳುವವರಿಗೂ ಇಲ್ಲೇ ಹೇಳುತ್ತೇನೆ. ತೆರೆದ ಡ್ರಮ್‌ನಲ್ಲಿ ಬೆಲ್ಲ ಇಟ್ಟರೆ ಮೊದಲು ಬೆಳೆಯುವುದು ಗಾಳಿಯಲ್ಲಿರುವ ಯೀಸ್ಟ್. ನೀವು ಹಾಕಿದ್ದು ಹಿಂದೆ ಬೀಳುತ್ತದೆ. ಹುಳಿ, ಹೆಂಡದ ವಾಸನೆ ಬಂದರೆ ಅದು ಟ್ರೈಕೋಡರ್ಮಾ ಅಲ್ಲ.

ಇಂಡಿ ಲಿಂಬೆ

ನೆಮಟೋಡ್ ತಡೆಯುವ ಟೊಮೆಟೊ ತಳಿ ಇದೆಯಂತಲ್ಲ? ಅರ್ಕಾ ರಕ್ಷಕ್ ಹಾಕಿದರೆ ಆಗಲ್ವಾ? ಇಷ್ಟೆಲ್ಲಾ ಯಾಕೆ?

ಅಥಣಿ ನರ್ಸರಿ

ಅರ್ಕಾ ರಕ್ಷಕ್ ಮೂರು ರೋಗ ತಡೆಯುತ್ತದೆ. ಎಲೆ ಮುರುಟು, ಬ್ಯಾಕ್ಟೀರಿಯಾ ಸೊರಗು, ಎಲೆ ಅಂಗಮಾರಿ. ಆ ಪಟ್ಟಿಯಲ್ಲಿ ನೆಮಟೋಡ್ ಇಲ್ಲ. ಅದು ದಾರಕ್ಕೆ ಕಟ್ಟಿ ಛಾವಣಿ ತನಕ ಹಬ್ಬಿಸುವ ತಳಿಯೂ ಅಲ್ಲ. ನೆಮಟೋಡ್ ತಡೆಯುವ ಬೇರೆ ಹೈಬ್ರಿಡ್ ಇವೆ. ಅವುಗಳಲ್ಲಿ ಇರುವ ಮಿ ಎಂಬ ಗುಣ ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಸೋಲುತ್ತದೆ. ಇಂಡಿಯ ಬೇಸಿಗೆಯಲ್ಲಿ ಅದನ್ನು ನಂಬಿ ಕೂರಲು ಆಗುತ್ತದಾ ಹೇಳಿ.

ಹುಕ್ಕೇರಿ ಪಾಲಿಹೌಸ್

ಎಲ್ಲಾ ಬರೆದಿಟ್ಟುಕೊಂಡೆ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಏಪ್ರಿಲ್ ಕೊನೆಗೆ ಬೆಳೆ ಕಿತ್ತು ಬೇರು ಸುಡುವುದು. ಮೇ ಪೂರ್ತಿ ಹಾಳೆ ಹೊದಿಕೆ. ಜೂನ್‌ನಲ್ಲಿ ಶೀಟ್ ಬಿಚ್ಚಿ ಮಳೆಗೆ ಬಿಡುವುದು, ಅದಕ್ಕೂ ಮುಂಚೆ ಬಸಿಗಾಲುವೆ. ಜುಲೈ ಕೊನೆಗೆ ಗೊಬ್ಬರದಲ್ಲಿ ಜೀವಾಣು ಬೆಳೆಸುವುದು. ಆಗಸ್ಟ್‌ನಲ್ಲಿ ಹೊಸ ಶೀಟ್, ಜೀವಾಣು ಗೊಬ್ಬರ, ನಾಟಿ.

ಮನೆಯಲ್ಲಿ ಅಪ್ಪ ಕೇಳುತ್ತಿದ್ದಾರೆ, ಮೂರೂವರೆ ತಿಂಗಳು ಪಾಲಿಹೌಸ್ ಖಾಲಿ ಇಟ್ಟರೆ ಸಾಲದ ಕಂತು ಯಾರು ಕಟ್ಟುತ್ತಾರೆ ಅಂತ. ಅವರ ಮಾತಲ್ಲೂ ನ್ಯಾಯ ಇದೆ.

ತಿಕೋಟಾ ದ್ರಾಕ್ಷಿ

ಅಪ್ಪಾಜಿಗೆ ಹೇಳಿ, ಈಗ ತುಂಬಿದ ಪಾಲಿಹೌಸ್‌ನಿಂದ ಅರ್ಧ ಬೆಳೆ ಬರುತ್ತಿದೆ. ಗೊಬ್ಬರ, ಔಷಧಿ, ಕೂಲಿ ಮಾತ್ರ ಪೂರ್ತಿ ಹೋಗುತ್ತಿದೆ. ಮೇ ತಿಂಗಳ ಬಿಸಿಲಲ್ಲಿ ಹೇಗೂ ಹೂವು ಉದುರಿ ಕಾಯಿ ಕಚ್ಚುವುದಿಲ್ಲ. ನೀವು ಕಳೆದುಕೊಳ್ಳುವುದು ಜೂನ್, ಜುಲೈ ಮಾತ್ರ.

ಬೈಲಹೊಂಗಲ ಸಾವಯವ

ಆ ಎರಡು ತಿಂಗಳು ಖಾಲಿ ಯಾಕೆ ಬಿಡಬೇಕು? ಹಸಿರೆಲೆ ಗೊಬ್ಬರದ ಸೆಣಬು ಬಿತ್ತಿ. ಮಳೆಗೆ ಬೆಡ್ಡು ಕೊಚ್ಚುವುದನ್ನೂ ತಡೆಯುತ್ತದೆ. ಹೂ ಬರುವ ಮುಂಚೆ, 45 ದಿನಕ್ಕೆ ಕತ್ತರಿಸಿ ಮಣ್ಣಿಗೆ ಸೇರಿಸಿ. ಸಾರಜನಕವೂ ಸಿಗುತ್ತದೆ.

ಬಾಗಲಕೋಟೆ ಮಣ್ಣು

ನೂರಕ್ಕೆ ನೂರು. ಗಂಟು ನೆಮಟೋಡ್‌ಗೆ ಸೆಣಬು ಆಗಿಬರುವುದಿಲ್ಲ, ಅದರ ಬೇರಿನಲ್ಲಿ ಸಂತಾನ ಬೆಳೆಸಲು ಆಗದು. ಅಂಚಿನ ಸಾಲಿಗೆ ಚೆಂಡು ಹೂ ಹಾಕಿ, ಅದೂ ಹಾಗೇ. ಶ್ರಾವಣ ಹತ್ತಿರ ಇರುತ್ತದೆ, ಹೂವು ಮಾರಿ ನಾಲ್ಕು ಕಾಸು ಬರುತ್ತದೆ. ಸೆಣಬು ಮಗುಚಿದ ಮೇಲೆ ಎರಡು ಮೂರು ವಾರ ಕೊಳೆಯಲು ಬಿಟ್ಟು ನಾಟಿ ಮಾಡಿ. ಜೀವಾಣುವಿಗೆ ಆಗ ನಿಜವಾಗಿ ತಿನ್ನಲು ಸಿಗುತ್ತದೆ.

ಕುಡಿ ಹಳದಿಯ ಬಗ್ಗೆ ಹೇಳುವುದು ಉಳಿದಿತ್ತು. ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದೆ, ಪಿಎಚ್ ಬಿಡುವುದಿಲ್ಲ. ಇಡಿಟಿಎ ಎಂಬ ರೂಪದ ಕಬ್ಬಿಣದ ಗೊಬ್ಬರವನ್ನು ಈ ಮಣ್ಣಿಗೆ ಹಾಕಿದರೆ ನಿಲ್ಲುವುದಿಲ್ಲ. ಮಣ್ಣಿಗಾದರೆ ಅದರ ಇನ್ನೊಂದು ರೂಪವಾದ ಇಡಿಡಿಎಚ್‌ಎ, ಇಲ್ಲವೇ ಎಲೆಗೆ ಸಿಂಪಡಣೆ.

ಕೊನೆಗೆ ಒಂದು ಬೇಡಿಕೆ. ಎರಡು ಬೆಡ್ಡಿಗೆ ಜೀವಾಣು ಹಾಕಬೇಡಿ. ಬಿಸಿಲು ಹೊದಿಕೆ, ಮಳೆ, ಸೆಣಬು, ಗೊಬ್ಬರ ಎಲ್ಲಾ ಅದಕ್ಕೂ ಇರಲಿ, ಜೀವಾಣು ಮಾತ್ರ ಬೇಡ. ಅಂಚಿನ ಬೆಡ್ಡು ಆರಿಸಬೇಡಿ, ಒಂದು ನಡುವೆ, ಒಂದು ಬೇರೆ ಕಡೆ. ಗೂಟ ಹೊಡೆದು ಗುರುತು ಮಾಡಿ. ಕೊಯ್ಲು ಬೇರೆ ತೂಗಿ. ಬೆಳೆ ಮುಗಿದಾಗ ಎರಡೂ ಕಡೆಯ ಬೇರು ಕಿತ್ತು ಗಂಟು ನೋಡಿ. ಇದನ್ನು ಮಾಡದಿದ್ದರೆ ಇಳುವರಿ ಏರಿದಾಗ ಅಂಗಡಿಯವರು ಬಾಟಲಿಯಿಂದ ಅಂತಾರೆ, ನಾನು ಮಳೆಯಿಂದ ಅಂತೀನಿ, ಇಬ್ಬರಿಗೂ ಸಾಕ್ಷಿ ಇರುವುದಿಲ್ಲ.

ಬೈಲಹೊಂಗಲ ಸಾವಯವ

ಇನ್ನೊಂದು ಬೆಡ್ಡಿಗೆ ಬರೀ ಜೀವಾಮೃತ ಬಿಡಿ ಅಣ್ಣಾ. ಅದನ್ನೂ ತೂಗಿ ಹೇಳಿ.

ಬಾಗಲಕೋಟೆ ಮಣ್ಣು

ಒಪ್ಪಿದೆ. ಸೋಸಿ ಬಿಡಲಿ, ಇಲ್ಲದಿದ್ದರೆ ರಾಯಬಾಗದವರಿಗೆ ಕೆಲಸ ಜಾಸ್ತಿ.

ಹುಕ್ಕೇರಿ ಪಾಲಿಹೌಸ್

ಹಾಗೇ ಮಾಡುತ್ತೇನೆ. ಕಿಟ್ ಬೇಡ ಅಂತ ಅಂಗಡಿಗೆ ಹೇಳಿದೆ, ಟ್ರೈಕೋಡರ್ಮಾ, ರಂಜಕದ್ದು ಜುಲೈನಲ್ಲಿ ಹೊಸ ಬ್ಯಾಚ್ ಬಂದಾಗ ಬಿಡಿ ಬಿಡಿಯಾಗಿ ತರುತ್ತೇನೆ. ಸೆಣಬಿನ ಬೀಜ ಎಲ್ಲಿ ಸಿಗುತ್ತದೆ? ಎಷ್ಟು ಬೇಕು?

ಮುಧೋಳ ಕಬ್ಬು

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹಸಿರೆಲೆ ಗೊಬ್ಬರದ ಬೀಜ ಮುಂಗಾರಿಗೆ ಮುಂಚೆ ಬರುತ್ತದೆ, ಬೇಗ ಖಾಲಿಯಾಗುತ್ತದೆ. ಎಕರೆಗೆ 20 ರಿಂದ 25 ಕೆಜಿ, ನಿಮಗೆ 12 ಕೆಜಿ ಸಾಕು. ಇನ್ನೊಂದು ಹಸಿರೆಲೆ ಗೊಬ್ಬರದ ಬೆಳೆಯಾದ ಡಯಂಚಾ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಸೆಣಬೇ ಬೇಕು ಅನ್ನಿ. ಫ್ಯಾಕ್ಟರಿಯಲ್ಲೂ ವಿಚಾರಿಸಿದೆ. ಸ್ಪೆಂಟ್‌ವಾಶ್ ಹಾಕದ ರಾಶಿ ಬೇರೆ ಇದೆ, ಕಳಿತದ್ದು. ಟ್ರ್ಯಾಕ್ಟರ್ ಯಾವಾಗ ಕಳಿಸುತ್ತೀರಿ ಹೇಳಿ.